ಮುಧೋಳ ನಾಯಿ ತರುವ ಮೊದಲು ಒಂದು ಮಳೆಗಾಲ: ನನ್ನ ಅನುಭವ

ಮುಧೋಳ ನಾಯಿ, ಅಂದರೆ ಬಾಗಲಕೋಟೆ ಕಡೆಯ ಸಪೂರ ಓಟದ ಬೇಟೆನಾಯಿ, ತರುತ್ತೇನೆ ಅಂದಾಗ ಕಾಸರಗೋಡಿನ ನಮ್ಮ ಪೆರ್ಲದ ಕಡೆ ನಗದವರಿಲ್ಲ. "ಮಾವ, ಅದು ಬಯಲುಸೀಮೆಯ ಪ್ರಾಣಿ, ಒಂದು ಆಟಿ ತಿಂಗಳ ಮಳೆ ದಾಟಲಿಕ್ಕಿಲ್ಲ" ಅಂದವರು ನಾಯಿ ಸಾಕಿ ಪಳಗಿದವರೇ. ಅವರ ಮಾತಿನಲ್ಲಿ ಅರ್ಥ ಇಲ್ಲದೆ ಇರಲಿಲ್ಲ. ಮುಧೋಳದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆಯೂ ಕಷ್ಟ. ನಮ್ಮ ಕಾಸರಗೋಡಿನಲ್ಲಿ 3500ರ ಹತ್ತಿರ. ಆದರೆ ನನ್ನ ಗಂಡು ನಾಯಿ ಈಗ ಎರಡು ಮಳೆಗಾಲ ದಾಟಿದೆ. ತೂಕ 25 ಕೆಜಿ ಆಸುಪಾಸು, ಮೈಯಲ್ಲಿ ಒಂದು ಹುಣ್ಣಿಲ್ಲ. ಹೇಗೆ ಅಂತ ಕೇಳಲು ಬರುವವರೂ ಈಗ ಅವರೇ.

ನಾಯಿ ಸಾಕುವ ಕ್ರಮ ನಿಮಗೆ ಗೊತ್ತಿದೆ, ಅದನ್ನು ಬಿಡುತ್ತೇನೆ. ನಾನು ಮಾಡಿದ್ದು ಇಷ್ಟೇ. ಮರಿ ತರುವ ಮೊದಲು ಬೇರೆಯವರ ಬೆಳೆದ ನಾಯಿಯೊಂದನ್ನು ಮಳೆಗಾಲ ಪೂರ್ತಿ ಮನೆಯಲ್ಲಿಟ್ಟುಕೊಂಡೆ.

ಅದಕ್ಕೂ ಮೊದಲು ಫೋಟೋ ನೋಡಿ ಆರಿಸುವ ದಾರಿಯಲ್ಲಿ ದುಡ್ಡು ಹೋಗಿತ್ತು. ದಲ್ಲಾಳಿಯೊಬ್ಬ ಮೂರು ಸಾವಿರದಷ್ಟು ಮುಂಗಡ ತೆಗೆದುಕೊಂಡ. ಕೊನೆಗೆ ತೋರಿಸಿದ ಮರಿಯ ಕಿವಿಯಲ್ಲೂ ಬಾಲದಲ್ಲೂ ಉದ್ದ ಕೂದಲು. ಪಶ್ಮಿ ಅನ್ನುವ ಉದ್ದ ಕೂದಲಿನ ಜಾತಿಯ ರಕ್ತ ಇತ್ತು ಅಂತ ಕಾಣುತ್ತದೆ. ಪಶ್ಮಿ ಕೆಟ್ಟ ನಾಯಿ ಅಲ್ಲ, ಆದರೆ ನಮ್ಮ ಮಳೆಗೆ ಆ ಕೂದಲು ಬೇಡ. ಮುಂಗಡ ಅಲ್ಲಿಗೇ ಬಿಟ್ಟೆ. ಮುಧೋಳದ ಅರಸ ಮಾಲೋಜಿರಾವ್ ಘೋರ್ಪಡೆಯವರು ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ನಾಯಿ ಕೊಟ್ಟ ಕಥೆ, 2005ರಲ್ಲಿ ಈ ನಾಯಿಯ ಅಂಚೆಚೀಟಿ ಬಂದದ್ದು, 2020ರ ಮನ್ ಕೀ ಬಾತಿನಲ್ಲಿ ಪ್ರಧಾನಿ ಇದರ ಹೆಸರು ಹೇಳಿದ್ದು, ಇವನ್ನೆಲ್ಲ ಮಾರುವವರು ಮೊದಲೇ ಒಪ್ಪಿಸುತ್ತಾರೆ. ತಾಯಿ ನಾಯಿ ಎಲ್ಲಿದೆ ಅಂದರೆ ಮಾತು ನಿಲ್ಲುತ್ತದೆ.

ಆಮೇಲೆ ಮಂಗಳೂರಿನಿಂದ ವಿಜಯಪುರದ ರೈಲು ಹತ್ತಿ ಬಾಗಲಕೋಟೆಯಲ್ಲಿ ಇಳಿದು, ಬಸ್ಸಿನಲ್ಲಿ ಮುಧೋಳಕ್ಕೆ ಹೋದೆ. ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರ ಇದೆ. ಶುದ್ಧ ತಳಿ ಕಣ್ಣಿಗೆ ಕೂರಬೇಕಾದರೆ ಅಲ್ಲಿ ಒಂದು ಸುತ್ತು ಹಾಕಬೇಕು. ಆದರೆ ನಿಜವಾದ ಪಾಠ ಸಿಕ್ಕಿದ್ದು ಹಳ್ಳಿಯ ಒಂದು ಮನೆಯಲ್ಲಿ. "ಮರಿ ಏನ್ ನೋಡ್ತೀರಿ? ಅವ್ವನ್ನ ನೋಡ್ರಿ. ಅದೂ ಸಂಜಿ ಮುಂದ ಬರ್ರಿ" ಅಂದರು ಅಲ್ಲಿನ ಅಜ್ಜ. ಮಧ್ಯಾಹ್ನ ಆ ನಾಯಿ ಸತ್ತಂತೆ ಮಲಗಿತ್ತು. ಸಂಜೆ ಹೊಲದಲ್ಲಿ ಬಿಟ್ಟಾಗ ಓಡಿದ ಓಟ ನೋಡಿ ನನ್ನ ಅಡಿಕೆ ತೋಟ ಇದಕ್ಕೆ ಸಾಲುತ್ತದಾ ಅಂತ ಹೆದರಿಕೆಯೇ ಆಯಿತು.

ಅದೃಷ್ಟಕ್ಕೆ ಉಪ್ಪಳದ ಕಡೆ ಜಮಖಂಡಿ ಊರಿನ ಬ್ಯಾಂಕ್ ನೌಕರರೊಬ್ಬರು ಇದ್ದರು. ಅವರ ಹತ್ತಿರ ನಾಲ್ಕು ವರ್ಷದ ಹೆಣ್ಣು ಮುಧೋಳ. ಬಾಡಿಗೆ ಮನೆಯಲ್ಲಿ ಮಳೆಗೆ ಅದನ್ನು ಹೊರಗೆ ಬಿಡಲಾಗದೆ ಒದ್ದಾಡುತ್ತಿದ್ದರು. "ಅಣ್ಣಾರ, ಒಯ್ರಿ, ಆದ್ರ ಬಿಟ್ಟು ಬಿಡಬ್ಯಾಡ್ರಿ, ತಿರುಗಿ ಬರಂಗಿಲ್ಲ" ಅಂತ ಹೇಳಿಯೇ ಕೊಟ್ಟರು.

ಮೊದಲ ವಾರ ಅದು ನನ್ನನ್ನು ಮೈ ಮುಟ್ಟಗೊಡಲಿಲ್ಲ. ಅಪರಿಚಿತರ ಕೈ ಈ ಜಾತಿಗೆ ಆಗುವುದಿಲ್ಲ. ಒತ್ತಾಯ ಮಾಡಿದರೆ ಇನ್ನೂ ದೂರ. ಅನ್ನ ಇಟ್ಟು ಸುಮ್ನೆ ಬೆನ್ನು ತಿರುಗಿಸಿ ಕೂತೆ, ತಾನಾಗಿ ಬಂತು. ಮಳೆ ಅದಕ್ಕೆ ತೊಂದರೆಯೇ ಅಲ್ಲ ಅಂತ ಬೇಗ ಗೊತ್ತಾಯಿತು. ಗಿಡ್ಡ ಕೂದಲು, ಒರಸಿದರೆ ಐದು ನಿಮಿಷದಲ್ಲಿ ಒಣಗುತ್ತದೆ. ತೊಂದರೆ ಇರುವುದು ನೆಲದಲ್ಲಿ. ಮೈಯಲ್ಲಿ ಕೊಬ್ಬಿಲ್ಲ, ತಣ್ಣಗಿನ ಸಿಮೆಂಟಿನ ಮೇಲೆ ಮಲಗಿದರೆ ಮೊಣಕೈ ಉಜ್ಜಿ ಹುಣ್ಣಾಗುತ್ತದೆ. ಗೋಣಿ ಹಾಸಿದೆ, ಎರಡೇ ದಿನಕ್ಕೆ ಮುಗ್ಗಲು ವಾಸನೆ. ಅಡಿಕೆ ಹಾಳೆ ಹಾಕಿದೆ, ಕಚ್ಚಿ ಚೂರು ಮಾಡಿತು. ಕಡೆಗೆ ಅಡಿಕೆ ಮರ ಸೀಳಿದ ಸಲಾಕೆಯ ಮಂಚ, ನೆಲದಿಂದ ಒಂದಡಿ ಎತ್ತರ, ಮೇಲೆ ತೆಂಗಿನ ನಾರು ತುಂಬಿದ ಚೀಲ. ಖರ್ಚು ಐನೂರೂ ಇಲ್ಲ. ಟೇಲರ್ ಹತ್ತಿರ ಹೊಲಿಸಿದ ರೈನ್‌ಕೋಟು ಮಾತ್ರ ದಂಡ. ಅದನ್ನು ಹಾಕಿದರೆ ನಾಯಿ ಕಂಬದ ಹಾಗೆ ನಿಂತುಬಿಡುತ್ತಿತ್ತು.

ದೊಡ್ಡ ಶತ್ರು ಉಣುಗು, ಅಂದರೆ ರಕ್ತ ಹೀರುವ ಉಣ್ಣಿ. ಮಳೆ ಬಿಟ್ಟ ಮೇಲೆ ತೋಟದ ಹುಲ್ಲಿನಿಂದ ಹತ್ತುತ್ತದೆ, ಜ್ವರ ಬಂದರೆ ಪ್ಲೇಟ್‌ಲೆಟ್ ಇಳಿಯುತ್ತದೆ. ಹೆಣ್ಣಿಗೆ ಒಮ್ಮೆ ಬಂತು. ಮೃಗಾಸ್ಪತ್ರೆ, ರಕ್ತಪರೀಕ್ಷೆ, ಮಾತ್ರೆ, ರಿಕ್ಷಾ ಎಲ್ಲ ಸೇರಿ ನಾಲ್ಕು ಸಾವಿರ ದಾಟಿತು. ಆಮೇಲೆ ತಿಂಗಳಿಗೊಂದು ಉಣುಗಿನ ಮಾತ್ರೆ, ಏಳೆಂಟು ನೂರು, ತಪ್ಪಿಸುವುದಿಲ್ಲ. ಅದರ ಜೊತೆ ಎಣ್ಣೆಗೆ ಒಂದು ಸೊಪ್ಪು ಕಾಯಿಸಿ ಕಾಲ್ಬೆರಳ ಸಂದಿಗೆ ಹಚ್ಚುತ್ತೇನೆ. ಸೊಪ್ಪು ಯಾವುದು ಅಂತ ಬರೆಯುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ. ಇನ್ನೊಂದು ಮಾತು. ಇಂಥ ಸಪೂರ ಓಟದ ನಾಯಿಗಳಿಗೆ ಥಯೋಪೆಂಟಾಲ್ ಅನ್ನುವ ಅರಿವಳಿಕೆ ಮದ್ದು ಕೊಟ್ಟರೆ ಅಮಲು ಇಳಿಯುವುದು ತುಂಬಾ ನಿಧಾನ. ಆಪರೇಷನ್ ಇದ್ದರೆ ಡಾಕ್ಟರಿಗೆ ಮೊದಲೇ ನೆನಪಿಸಿ.

ಊಟಕ್ಕೆ ಮುಧೋಳದ ಕಡೆ ಜೋಳದ ಹಿಟ್ಟು, ಹಾಲು, ಮೊಟ್ಟೆ. ಇಲ್ಲಿ ಜೋಳ ತರಿಸಿದರೆ ದುಬಾರಿ, ಹುಳವೂ ಬೀಳುತ್ತದೆ. ಕುಚ್ಚಲಕ್ಕಿ ಗಂಜಿಗೆ ಬೂತಾಯಿ ಮೀನು ಬೇಯಿಸಿ ಹಾಕಿದೆ. ಬ್ಯಾಂಕಿನವರು ಬಾಯಿ ಮೇಲೆ ಕೈ ಇಟ್ಟರು. ನಾಯಿ ತಟ್ಟೆ ನೆಕ್ಕಿ ಇಟ್ಟಿತು. ಪಕ್ಕೆಲುಬು ಎರಡು ಮೂರು ಕಾಣಬೇಕು, ಅದೇ ಇದರ ಆರೋಗ್ಯ. ಹೊಟ್ಟೆಗೆ ಹಾಕುವುದಿಲ್ಲ ಅಂತ ನೆಂಟರು ಆಡಿಕೊಳ್ಳಲಿ ಬಿಡಿ.

ಕಾಡುಹಂದಿ ಓಡಿಸಲು ಇದನ್ನು ತರುವ ಯೋಚನೆ ಇದ್ದರೆ ಕೈಬಿಡಿ. ಇದು ಕಣ್ಣಿಂದ ನೋಡಿ ಅಟ್ಟುವ ನಾಯಿ, ಮೂಗಿಂದ ವಾಸನೆ ಹಿಡಿದು ಹುಡುಕುವ ನಾಯಿ ಅಲ್ಲ. ರಾತ್ರಿ ಪೊದೆಯೊಳಗಿನ ಹಂದಿಗೆ ನಮ್ಮ ಊರ ನಾಯಿಯೇ ವಾಸಿ. ಮೊಲ ಹಿಡಿಸುವ ಆಸೆಯೂ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಇದೆ, ಕೇಸು ಬೀಳುತ್ತದೆ. ಆದರೆ ನಾಯಿಯನ್ನು ದಿನಾ ಓಡಿಸಲೇಬೇಕಲ್ವಾ? ಅದಕ್ಕೆ ಹಳೇ ಸೈಕಲ್ಲಿನ ಪೆಡಲು ತುಳಿದರೆ ತಿರುಗುವ ಹಿಂದಿನ ಚಕ್ರಕ್ಕೆ ನೈಲಾನ್ ಹಗ್ಗ ಸುತ್ತಿ, ತುದಿಗೆ ಬಿಳಿ ಪ್ಲಾಸ್ಟಿಕ್ ಚೀಲ ಕಟ್ಟಿ ಪದವಿನ, ಅಂದರೆ ಮುರಕಲ್ಲಿನ ಬೋಳು ಗುಡ್ಡದ ಮೇಲೆ ಎಳೆದೆವು. ಎಂಥ ಓಟ ಮಾರಾಯ್ರೆ! ಮಗ ಮೊಬೈಲಿನಲ್ಲಿ ಹಿಡಿಯಲು ಹೋದರೆ ನಾಯಿ ಚಿತ್ರದಿಂದಲೇ ಆಚೆ. ಆದರೆ ಮುರಕಲ್ಲಿಗೆ ಅಂಗಾಲು ಸಿಪ್ಪೆ ಎದ್ದಿತು. ಈಗ ಓಡಿಸುವುದು ಕೊಯಿಲು ಮುಗಿದ ಗದ್ದೆಯಲ್ಲಿ ಮಾತ್ರ.

ಕಟ್ಟು ತಪ್ಪಿಸಿಕೊಂಡು ಆ ಹೆಣ್ಣು ಪಕ್ಕದ ಮನೆಯ ಊರ ಕೋಳಿ ಎರಡೋ ಮೂರೋ ತೆಗೆಯಿತು. ಒಂದಕ್ಕೆ ಐನೂರರಂತೆ ಕೊಟ್ಟೆ. ಎದೆಮಟ್ಟದ ಬೇಲಿ ಇದಕ್ಕೆ ಬೇಲಿಯೇ ಅಲ್ಲ ಅಂತ ತಿಳಿದದ್ದು ಆಗಲೇ. ಆಳೆತ್ತರದ ಬಲೆ ಹಾಕಿಸಲು 18 ಸಾವಿರದ ಹತ್ತಿರ ಹೋಯಿತು. ನಾಯಿಗಿಂತ ಬೇಲಿಗೇ ಜಾಸ್ತಿ.

ಇಷ್ಟೆಲ್ಲ ಆದ ಮೇಲೆ ಆ ಅಜ್ಜನ ಮನೆಯಿಂದಲೇ ಮರಿ ತಂದೆ, ಹತ್ತು ಸಾವಿರದೊಳಗೆ. ಮಂಚ, ಬಲೆ, ಮಾತ್ರೆ ಎಲ್ಲ ಅದು ಬರುವ ಮೊದಲೇ ತಯಾರಿತ್ತು. ಹುಚ್ಚುನಾಯಿ ಲಸಿಕೆ ಹಾಕಿಸಿ ಪಂಚಾಯತ್ ಲೈಸೆನ್ಸೂ ಮಾಡಿಸಿದೆ. ಬಿಟ್ಟರೆ ತಿರುಗಿ ಬರುವುದಿಲ್ಲ ಅಂತ ಬ್ಯಾಂಕಿನವರು ಅಂದಿದ್ದರಲ್ಲ, ಕರೆದರೆ, ನನ್ನದು ಹತ್ತರಲ್ಲಿ ಏಳು ಸಲ ಬರುತ್ತದೆ. ಅದರ ಉಪಾಯವನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಇನ್ನೊಂದು ಹೆಣ್ಣು ತರುವ ಮನಸ್ಸಿದೆ. ತೋಟದ ಕೆಳಗಿನ ಬದಿಗೆ ಕಲ್ಲು ಕಟ್ಟಿಸಬೇಕು. ಮೇಸ್ತ್ರಿ ಹೇಳಿದ ರೇಟು ಕೇಳಿ ಅಡಿಕೆ ಮಾರುವವರೆಗೆ ತಡೆದಿದ್ದೇನೆ.