ಬೆಲೆಯನ್ನು ಮರೆಮಾಡಿ ಕೇಳಿದಾಗ: ಆಡಿಯೋ ಉಪಕರಣಗಳನ್ನು ನಾನು ಆರಿಸಿಕೊಂಡ ಬಗೆ

ಎರಡು ಆಂಪ್ಲಿಫೈಯರ್‌ಗಳ ಧ್ವನಿಮಟ್ಟವನ್ನು ಅಳೆದು ಸಮಗೊಳಿಸುವವರೆಗೆ ಯಾವುದು ಮೇಲು ಎಂಬ ತೀರ್ಮಾನಕ್ಕೆ ಬರಬಾರದೆಂದು ನಾನು ಮೊದಲೇ ನಿರ್ಧರಿಸಿಕೊಂಡಿದ್ದೆ. ಸದ್ದಿನ ಮಟ್ಟ ಏರಿದಂತೆ ನಮ್ಮ ಕಿವಿಗೆ ಮಂದ್ರ ಸ್ವರಗಳು ಹೆಚ್ಚು ತುಂಬಿಕೊಂಡು ಕೇಳುತ್ತವೆ ಎಂಬುದನ್ನು ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಆದ್ದರಿಂದ ಕೂದಲೆಳೆಯಷ್ಟು ಜೋರಾಗಿ ನುಡಿಯುವ ಉಪಕರಣ ನಮಗೆ ಜೋರಾಗಿದೆ ಎನಿಸದೆ, ಹೆಚ್ಚು ಸ್ಪಷ್ಟವಾಗಿದೆ, ಹೆಚ್ಚು ಜೀವಂತವಾಗಿದೆ ಎನಿಸಿಬಿಡುತ್ತದೆ.

ಸಮಗೊಳಿಸುವ ಕೆಲಸ ಕಷ್ಟದ್ದಲ್ಲ. ಒಂದೇ ಆವರ್ತನದ ಸ್ವರವನ್ನು ನುಡಿಸಿ, ಸ್ಪೀಕರ್‌ನ ತುದಿಗಳಲ್ಲಿ ಎಸಿ ವೋಲ್ಟೇಜನ್ನು ಮಲ್ಟಿಮೀಟರ್‌ನಿಂದ ಅಳೆಯುತ್ತಿದ್ದೆ. ಸಾಧಾರಣ ಮೀಟರ್‌ಗಳು ಹೆಚ್ಚಿನ ಆವರ್ತನಗಳಲ್ಲಿ ನೆಚ್ಚಿಕೆಯವಲ್ಲವಾದ್ದರಿಂದ 200 ಹರ್ಟ್ಜ್‌ನ ಸ್ವರವನ್ನೇ ಬಳಸಿದೆ. ವ್ಯತ್ಯಾಸ 0.1 ಡೆಸಿಬೆಲ್‌ನೊಳಗೆ, ಅಂದರೆ ಎರಡು ವೋಲ್ಟ್‌ಗಳಲ್ಲಿ ಸುಮಾರು 0.02 ವೋಲ್ಟ್‌ನೊಳಗೆ ಬಂದ ಮೇಲೆಯೇ ಕೇಳಲು ಕೂರುತ್ತಿದ್ದೆ. ಯಾವ ಉಪಕರಣವನ್ನು ಜೋಡಿಸಬೇಕೆಂಬುದನ್ನು ಸ್ನೇಹಿತರೊಬ್ಬರು ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದರು. ನಾನು ಪರದೆಯ ಈಚೆ ಕುಳಿತು ನನ್ನ ಊಹೆಯನ್ನು ಬರೆದಿಡುತ್ತಿದ್ದೆ. ಉಪಸ್ವರಗಳು ತುಂಬಿ ತುಳುಕುವ ತಂಬೂರಿಯ ಶ್ರುತಿ, ಪಕ್ಕವಾದ್ಯವಿಲ್ಲದ ಗಾಯನ ಮತ್ತು ಮೃದಂಗದ ಬಿಡಿ ಪೆಟ್ಟುಗಳಿರುವ ಧ್ವನಿಮುದ್ರಣಗಳನ್ನು ಇದಕ್ಕಾಗಿ ಆರಿಸಿಕೊಂಡೆ, ಏಕೆಂದರೆ ನನಗೆ ಚೆನ್ನಾಗಿ ಪರಿಚಯವಿದ್ದ ನಾದಗಳು ಅವೇ.

ಸಾಮರ್ಥ್ಯದ ಮಿತಿಯೊಳಗೆ ದುಡಿಯುತ್ತಿದ್ದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ಗಳನ್ನು ಒಂದರಿಂದೊಂದು ಗುರುತಿಸಲು ನನ್ನಿಂದಾಗಲಿಲ್ಲ. ನನ್ನ ಉತ್ತರಗಳು ನಾಣ್ಯದ ಚಿಮ್ಮಿಕೆಗಿಂತ ಮೇಲೇರಲಿಲ್ಲ. ಅಂಕಿಗಳ ರೂಪದ ಧ್ವನಿಯನ್ನು ವಿದ್ಯುತ್ ಸಂಕೇತವಾಗಿಸುವ ಡಿಜಿಟಲ್ ಪರಿವರ್ತಕಗಳ ಕಥೆಯೂ ಅದೇ. 16 ಬಿಟ್ ಸಿಡಿಯೇ ಸುಮಾರು 96 ಡೆಸಿಬೆಲ್‌ಗಳ ವ್ಯಾಪ್ತಿಯನ್ನು, ಅಂದರೆ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವಿನ ಅಂತರವನ್ನು, ಕೊಡುತ್ತದೆ, ಇಂದಿನ ಅಗ್ಗದ ಪರಿವರ್ತಕಗಳೂ ಅದನ್ನು ಸಲೀಸಾಗಿ ಮುಟ್ಟುತ್ತವೆ. ಆದರೆ ಟ್ರಾನ್ಸಿಸ್ಟರ್ ಬದಲು ನಿರ್ವಾತ ನಳಿಕೆಗಳಿರುವ ವಾಲ್ವ್ ಆಂಪ್ಲಿಫೈಯರ್ ಒಂದನ್ನು ಮಾತ್ರ ಪ್ರತಿ ಬಾರಿಯೂ ಗುರುತಿಸಿದೆ. ಅಂಥವುಗಳ ಔಟ್‌ಪುಟ್ ಇಂಪೀಡೆನ್ಸ್ (ವಿದ್ಯುತ್ ಹರಿವಿಗೆ ಒಡ್ಡುವ ತಡೆ) ಹೆಚ್ಚಿರುವುದರಿಂದ ಸ್ಪೀಕರ್‌ನ ಇಂಪೀಡೆನ್ಸ್ ಏರಿಳಿದಂತೆ ಸ್ವರಗಳ ಮಟ್ಟವೂ ಏರಿಳಿಯುತ್ತದೆ. ಅದು ಕೆಲವರಿಗೆ ಹಿತವೆನಿಸಬಹುದು, ನನಗೂ ಕೆಲವು ಹಾಡುಗಳಲ್ಲಿ ಹಿತವೆನಿಸಿತು. ಆದರೆ ಅದನ್ನು ಮೂಲ ಧ್ವನಿಗೆ ನಿಷ್ಠೆ ಎನ್ನಲಾಗದು.

ಕೇಬಲ್‌ಗಳನ್ನು ಕೇಳಿ ಹೋಲಿಸಲಿಲ್ಲ, ಲೆಕ್ಕ ಹಾಕಿಯೇ ಕೈಬಿಟ್ಟೆ. 2.5 ಚದರ ಮಿಲಿಮೀಟರ್‌ನ ತಾಮ್ರದ ತಂತಿಯನ್ನು ಐದು ಮೀಟರ್ ಎಳೆದರೆ, ಹೋಗಿ ಬರುವ ದಾರಿ ಸೇರಿ ಪ್ರತಿರೋಧ ಸುಮಾರು 0.07 ಓಮ್ ಆಗುತ್ತದೆ. 8 ಓಮ್ ಸ್ಪೀಕರ್‌ನ ಎದುರು ಅದರ ನಷ್ಟ ಡೆಸಿಬೆಲ್‌ನ ಹತ್ತನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ.

ಸ್ಪೀಕರ್‌ಗಳ ವಿಷಯಕ್ಕೆ ಬಂದಾಗ ಚಿತ್ರ ಪೂರ್ತಿ ಬದಲಾಯಿತು. ಇಲ್ಲಿ ಒಂದರಿಂದೊಂದಕ್ಕಿರುವ ಅಂತರ ಕಣ್ಣು ಮುಚ್ಚಿದ್ದರೂ ತಕ್ಷಣ ತಿಳಿಯುತ್ತದೆ, ಮತ್ತು ಬೆಲೆಗೆ ಒಂದಿಷ್ಟು ನಿಜವಾದ ಕಾರಣವೂ ಇದೆ. ಒಂದು ಸ್ವರವನ್ನು ಅಷ್ಟೇ ಜೋರಾಗಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಡ್ರೈವರ್ (ಸ್ಪೀಕರ್ ಒಳಗೆ ಅದುರಿ ಸದ್ದು ಹೊಮ್ಮಿಸುವ ಭಾಗ) ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಅದಕ್ಕೆ ದೊಡ್ಡ ಕೋನ್, ಬಲವಾದ ಅಯಸ್ಕಾಂತ, ಅದುರದ ಭಾರಿ ಪೆಟ್ಟಿಗೆ ಎಲ್ಲವೂ ಬೇಕು, ಮತ್ತು ಇವು ಯಾವುವೂ ಅಗ್ಗವಲ್ಲ. ಒಂದು ಹಂತ ದಾಟಿದ ಮೇಲೆ ಮಾತ್ರ ಹಣ ಮರದ ಹೊಳಪಿಗೂ ಹೆಸರಿಗೂ ಹೋಗತೊಡಗುತ್ತದೆ. ನನಗೆ ಪರದೆಯ ಹಿಂದೆ ಅತಿ ಹೆಚ್ಚು ಮೆಚ್ಚಿಗೆಯಾದ ಜೋಡಿ ಅಲ್ಲಿದ್ದವುಗಳಲ್ಲಿ ಮಧ್ಯಮ ಬೆಲೆಯದಾಗಿತ್ತು. ಆಡಿಯೋ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ, ಸ್ಪೀಕರ್ ಕಣ್ಣಿಗೆ ಬಿದ್ದ ಕೂಡಲೇ ಕೇಳುಗರ ಅಂಕಗಳು ಬದಲಾಗಿದ್ದವು. ಹೆಡ್‌ಫೋನ್‌ಗಳಲ್ಲಂತೂ ಬೆಲೆಯ ಸುಳಿವು ಇನ್ನೂ ದುರ್ಬಲ: 283 ಹೆಡ್‌ಫೋನ್‌ಗಳನ್ನು ಅಳೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅವುಗಳ ಆವರ್ತನ ಪ್ರತಿಕ್ರಿಯೆಗೂ (ಯಾವ ಸ್ವರ ಎಷ್ಟು ಜೋರಾಗಿ ಹೊಮ್ಮುತ್ತದೆ ಎಂಬುದಕ್ಕೂ) ಮಾರಾಟ ಬೆಲೆಗೂ ಸಂಬಂಧ ಕಾಣಲಿಲ್ಲ.

ಇಷ್ಟೆಲ್ಲ ಆದ ಮೇಲೂ ಅತಿ ದೊಡ್ಡ ಬದಲಾವಣೆ ತಂದದ್ದು ಕೋಣೆ. ಅಳತೆಯ ಮೈಕ್ರೋಫೋನ್ ಒಂದನ್ನು ಕೊಂಡು, ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶದಿಂದ ನಾನು ಕೂರುವ ಜಾಗವನ್ನು ಅಳೆದೆ. ಐದು ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 34 ಹರ್ಟ್ಜ್‌ನ ಸ್ವರ ಎರಡು ಗೋಡೆಗಳ ನಡುವೆ ಪುಟಿದು ನಿಂತ ಅಲೆಯಾಗಿಬಿಡುತ್ತದೆ. ನಟ್ಟನಡುವೆ ಕುಳಿತವರಿಗೆ ಅದು ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಹಿಂಗೋಡೆಗೆ ಆತು ಕುಳಿತವರಿಗೆ ಅತಿಯಾಗಿ ಗುಂಯ್‌ಗುಡುತ್ತದೆ. ಕುರ್ಚಿಯನ್ನು ಸರಿಸಿ, ಸ್ಪೀಕರ್‌ಗಳನ್ನು ಮೂಲೆಯಿಂದ ಹೊರತಂದು, ಗೋಡೆಗಳಲ್ಲಿ ಸದ್ದನ್ನು ಹೀರುವ ದಪ್ಪನೆಯ ಹಲಗೆಗಳನ್ನು ನಿಲ್ಲಿಸಿದಾಗ ಮೃದಂಗದ ತೊಪ್ಪಿಯ ನಾದ ಮೊದಲ ಬಾರಿಗೆ ಬಿಡಿಯಾಗಿ ಕೇಳಿತು.

ಕೊನೆಗೆ ನನ್ನ ಹಣದ ಬಹುಪಾಲು ಸ್ಪೀಕರ್‌ಗಳಿಗೆ, ಉಳಿದದ್ದರಲ್ಲಿ ಹೆಚ್ಚಿನದು ಕೋಣೆಗೆ ಹೋಯಿತು. ಆಂಪ್ಲಿಫೈಯರ್‌ನಲ್ಲಿ ನಾನು ನೋಡಿದ್ದು ಎರಡೇ: ಸ್ಪೀಕರ್‌ನ ಇಂಪೀಡೆನ್ಸ್ 4 ಓಮ್‌ಗಿಂತ ಕೆಳಗಿಳಿದಾಗಲೂ ಅದು ಸೋಲದಿರಬೇಕು, ಮತ್ತು ಕೆಟ್ಟುಹೋದರೆ ಬಿಡಿಭಾಗ ಸಿಗಬೇಕು.