ಕಟಿಂಗ್‌ಗೆ ಎಲ್‌ಪಿಜಿ, ವೆಲ್ಡಿಂಗ್‌ಗೆ ಡಿಎ: ನಮ್ಮ ವರ್ಕ್‌ಶಾಪ್ ಲೆಕ್ಕ

ನಮ್ಮದು ಟ್ರೇಲರ್, ನೇಗಿಲು, ಗೇಟು ಮಾಡುವ ಸಣ್ಣ ವರ್ಕ್‌ಶಾಪ್. ಮೊದಲು ಎಲ್ಲ ಕೆಲಸಕ್ಕೂ ಡಿಎ, ಅಂದರೆ ಅಸಿಟಿಲಿನ್ ಸಿಲಿಂಡರ್. ಈಗ ಕಟಿಂಗ್ ಪೂರ್ತಿ 19 ಕೆಜಿಯ ಕಮರ್ಷಿಯಲ್ ಎಲ್‌ಪಿಜಿಯಲ್ಲಿ.

"ಎಲ್‌ಪಿಜಿ ಉರಿಗೆ ಕಬ್ಬಿಣ ಕತ್ತರಿಸುತ್ತಾ?" ಅಂತ ತುಂಬ ಜನ ಕೇಳುತ್ತಾರೆ. ಆಕ್ಸಿಜನ್ ಜೊತೆ ಅಸಿಟಿಲಿನ್ ಉರಿ ಸುಮಾರು 3100 ಡಿಗ್ರಿ ಮುಟ್ಟುತ್ತದೆ, ಎಲ್‌ಪಿಜಿ 2800ರ ಆಸುಪಾಸು. ಆದರೆ ಕತ್ತರಿಸುವುದು ಉರಿ ಅಲ್ವಲ್ಲ! ಪ್ಲೇಟು 900 ಡಿಗ್ರಿ ಹತ್ತಿರ ಕಾದರೆ ಸಾಕು. ಟಾರ್ಚಿನ, ಅಂದರೆ ಕೈಯಲ್ಲಿ ಹಿಡಿಯುವ ಕಟಿಂಗ್ ಉಪಕರಣದ ಲಿವರ್ ಒತ್ತಿದಾಗ ಬರುವ ಆಕ್ಸಿಜನ್‌ನಲ್ಲಿ ಕಬ್ಬಿಣವೇ ಉರಿದುಹೋಗುತ್ತದೆ. ಎಲ್‌ಪಿಜಿಯಲ್ಲಿ ಕಾಯಲು ಸ್ವಲ್ಪ ಜಾಸ್ತಿ ಹೊತ್ತು ಬೇಕು, ನಡುವೆ ತೂತು ಹೊಡೆಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕೇ ಆದಷ್ಟೂ ಅಂಚಿನಿಂದ ಶುರು ಮಾಡುತ್ತೇನೆ. ಕಟ್ ಒಮ್ಮೆ ಓಡತೊಡಗಿದರೆ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ.

ನಾಝಲ್, ಅಂದರೆ ಟಾರ್ಚಿನ ಉರಿ ಬರುವ ಮೂತಿ, ಮಾತ್ರ ಬೇರೆಯೇ ಬೇಕು. ಎಲ್‌ಪಿಜಿಯದು ಎರಡು ತುಂಡಿನದು, ಒಳಗಿನ ತುಂಡು ಬಾಯಿಂದ ತುಸು ಒಳಕ್ಕೆ ಕೂತಿರುತ್ತದೆ. ಡಿಎ ನಾಝಲ್‌ಗೆ ಎಲ್‌ಪಿಜಿ ಕೊಟ್ಟರೆ ಉರಿ ನಿಲ್ಲದೆ ಹಾರಿಹೋಗುತ್ತದೆ. ಪೈಪು ಕೂಡ ಎಲ್‌ಪಿಜಿಗೆ ಅಂತ ಮಾಡಿದ್ದೇ ಆಗಬೇಕು.

ಇನ್ನು ದುಡ್ಡು. ಗ್ಯಾಸ್ ಅಗ್ಗ, ನಿಜ. ಆದರೆ ಕಾಯಿಸುವ ಉರಿಗೆ ಒಂದು ಪಾಲು ಅಸಿಟಿಲಿನ್‌ಗೆ ಒಂದು ಪಾಲಿಗಿಂತ ತುಸು ಹೆಚ್ಚು ಆಕ್ಸಿಜನ್ ಸಾಕು, ಎಲ್‌ಪಿಜಿಗೆ ಸುಮಾರು ನಾಲ್ಕು ಪಾಲು ಬೇಕು. ಉದ್ದುದ್ದ ಕಟ್ ಇದ್ದರೆ ನಮಗೆ ಗಿಟ್ಟುತ್ತದೆ. ಟಾರ್ಚ್ ಹಚ್ಚಿಟ್ಟು ಹುಡುಗರು ಸುಮ್ನೆ ಅಳತೆ ಹಿಡಿಯುತ್ತ ಕೂತರೆ ಉಳಿದದ್ದೆಲ್ಲ ಆಕ್ಸಿಜನ್ ಬಿಲ್‌ಗೇ ಹೋಯಿತು.

ಹಿತ್ತಾಳೆ ಕಡ್ಡಿ, ಬಿಳಿಗಾರ ಹಾಕಿ ಬ್ರೇಜಿಂಗ್ ಮಾಡಲು, ಅಂದರೆ ಕಬ್ಬಿಣ ಕರಗಿಸದೆ ಹಿತ್ತಾಳೆಯನ್ನಷ್ಟೇ ಕರಗಿಸಿ ಜೋಡಿಸಲು, ಎಲ್‌ಪಿಜಿ ನಡೆಯುತ್ತದೆ. ಅದರ ಕಾವು ಅಗಲಕ್ಕೆ ಹರಡುವುದರಿಂದ ದೊಡ್ಡ ಜಾಗ ಸಮವಾಗಿ ಕಾಯುತ್ತದೆ. ತೆಳು ತಗಡಿನ ವೆಲ್ಡಿಂಗ್‌ಗೆ ಮಾತ್ರ ಬೇಡವೇ ಬೇಡ. ಅಸಿಟಿಲಿನ್ ಉರಿಯ ಒಳಮೊನೆಯಲ್ಲಿ ಕಾವು ಒಂದೇ ಕಡೆ ಸಿಗುತ್ತದೆ, ಹೊರ ಉರಿ ಕರಗಿದ ಕಬ್ಬಿಣಕ್ಕೆ ಗಾಳಿ ತಾಗದಂತೆ ಕಾಯುತ್ತದೆ. ಎಲ್‌ಪಿಜಿಯಲ್ಲಿ ಆ ರಕ್ಷಣೆ ಇಲ್ಲ, ಬೆಸುಗೆಯಲ್ಲಿ ತೂತು ಬೀಳುತ್ತದೆ.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಸಿಲಿಂಡರನ್ನು ರಿಪೇರಿ ಗುಂಡಿಯಿಂದ ದೂರ ಇಟ್ಟಿದ್ದೇನೆ. ಡಿಎ ಸಿಲಿಂಡರ್‌ನೊಳಗೆ ಗ್ಯಾಸನ್ನು ಕರಗಿಸಿಟ್ಟುಕೊಳ್ಳುವ ಅಸಿಟೋನ್ ಎಂಬ ದ್ರವ ಇರುತ್ತದೆ, ಮಲಗಿಸಿದರೆ ಗ್ಯಾಸ್ ಜೊತೆ ಅದೂ ಹೊರಗೆ ಬರುತ್ತದೆ. ಹಾಗಾಗಿ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ಗಾಡಿಯಲ್ಲಿ ಮಲಗಿಸಿಕೊಂಡು ತಂದುಕೊಟ್ಟರೆ ಬಹಳ ಹೊತ್ತು ನೆಟ್ಟಗೆ ನಿಲ್ಲಿಸಿಟ್ಟ ಮೇಲೇ ವಾಲ್ವ್ ತೆಗೆಯುತ್ತೇನೆ.