ಪೆಟ್ರೋಲ್ ಹಾಕಿಸುವ ಮೊದಲು ಪಂಪಿನ ನೆಲ ನೋಡುತ್ತೇನೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಬಾಡಿಗೆಗೆ ಕಾರು ಓಡಿಸುವವನು. 2019ರ ಪೆಟ್ರೋಲ್ ಡಿಸೈರ್. ನಮ್ಮ ಕಡೆ ದೂರದ ಬಾಡಿಗೆ ಅಂದರೆ ಹೆಚ್ಚಾಗಿ ಮಂಗಳೂರಿನ ಆಸ್ಪತ್ರೆಗೆ. ಡಯಾಲಿಸಿಸ್ ಇರಲಿ, ಹೆರಿಗೆ ಇರಲಿ, ಕುಂಬಳೆಗೆ ಇಳಿದು ಹೆದ್ದಾರಿ ಹಿಡಿದು ಕರ್ನಾಟಕದ ಗಡಿಯ ತಲಪಾಡಿ ದಾಟಬೇಕು. ಹೋಗಿ ಬಂದರೆ ನೂರು ಕಿಲೋಮೀಟರ್. ಪೆಟ್ರೋಲ್ ಎಲ್ಲಿ ಹಾಕಿಸುವುದು ಎನ್ನುವುದನ್ನು ನಾನು ಇಷ್ಟು ತಲೆಗೆ ಹಚ್ಚಿಕೊಳ್ಳಲು ಒಂದು ಕಾರಣವಿದೆ.

ಎರಡು ವರ್ಷದ ಹಿಂದೆ, ಆಟಿ ತಿಂಗಳು. ಮೂರು ದಿನದಿಂದ ಬಿಡದೆ ಮಳೆ. ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವ ಒಬ್ಬರು ಅಮ್ಮ ಇದ್ದರು. ಅವರನ್ನು ಹತ್ತಿಸಿಕೊಂಡು ಬೆಳಗ್ಗೆ ಐದೂವರೆಗೆ ಹೊರಟೆ. ದಾರಿಯಲ್ಲಿ ಒಂದು ಪಂಪಿನಲ್ಲಿ 1500 ರೂಪಾಯಿಗೆ ಪೆಟ್ರೋಲ್ ಹಾಕಿಸಿದೆ. ನಾಲ್ಕೈದು ಕಿಲೋಮೀಟರ್ ಆಗುವಷ್ಟರಲ್ಲಿ ಗಾಡಿ ಜರ್ಕ್ ಹೊಡೆಯಲು ಶುರು ಮಾಡಿತು. ಆಕ್ಸಿಲರೇಟರ್ ಒತ್ತಿದರೂ ಎಳೆಯುವುದಿಲ್ಲ. ಮೀಟರಿನಲ್ಲಿ ಇಂಜಿನ್ ಲೈಟ್ ಹತ್ತಿತು. ಮತ್ತೆ ಒಂದು ನಿಮಿಷಕ್ಕೆ ಬಂದ್. ಅಮ್ಮ ಹಿಂದಿನ ಸೀಟಿನಿಂದ "ಎಂತ ಆಯ್ತು ಮಗಾ?" ಅಂತ ಕೇಳಿದ ಸ್ವರ ಈಗಲೂ ಕಿವಿಯಲ್ಲಿದೆ. ಬೇರೆ ಕಾರು ತರಿಸಿ ಅವರನ್ನು ಕಳಿಸುವಾಗ ಮುಕ್ಕಾಲು ಗಂಟೆ ಹೋಗಿತ್ತು.

ಗಾಡಿಯನ್ನು ಕಟ್ಟಿ ಎಳೆದು ಗ್ಯಾರೇಜಿಗೆ ತಂದೆವು. ಮೆಕ್ಯಾನಿಕ್ ಹುಡುಗ ಟ್ಯಾಂಕಿನ ಅಡಿಯಿಂದ ಒಂದು ಗಾಜಿನ ಬಾಟಲಿಗೆ ಪೆಟ್ರೋಲ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. "ಅಣ್ಣಾ, ಇಲ್ಲಿ ನೋಡಿ." ಮೇಲೆ ತಿಳಿ ಪೆಟ್ರೋಲ್. ಕೆಳಗೆ ಎರಡು ಬೆರಳಷ್ಟು ಮಸುಕಾದ ನೀರು. ನಡುವೆ ಗೆರೆ ಎಳೆದ ಹಾಗೆ. ಬಾಟಲಿ ಅಲ್ಲಾಡಿಸಿದರೆ ಎರಡೂ ಕಲಸಿಹೋಗುತ್ತಿತ್ತು, ಇಟ್ಟರೆ ಮತ್ತೆ ಗೆರೆ.

ಆ ಗೆರೆಯ ಕೆಳಗೆ ಇದ್ದದ್ದು ಬರೀ ನೀರಲ್ಲ ಅಂತ ಆಮೇಲೆ ಗೊತ್ತಾಯಿತು. ಈಗಿನ ಪೆಟ್ರೋಲಿನಲ್ಲಿ ಇಥೆನಾಲ್ ಎನ್ನುವ ಆಲ್ಕೋಹಾಲ್ ಇದೆ. ಇಥೆನಾಲ್‌ಗೆ ಪೆಟ್ರೋಲಿಗಿಂತ ನೀರಿನ ಮೇಲೆ ಪ್ರೀತಿ ಜಾಸ್ತಿ. ಸ್ವಲ್ಪ ತೇವ ಇದ್ದರೆ ಹೀರಿಕೊಂಡು ಪೆಟ್ರೋಲಿನೊಳಗೇ ಇಟ್ಟುಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ನೀರು ಮಿತಿ ಮೀರಿದರೆ ಮಾತ್ರ ಇಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಅಡಿಗೆ ಇಳಿಯುತ್ತದೆ. ಕಾರಿನ ಫ್ಯೂಯಲ್ ಪಂಪ್ ಎಳೆಯುವುದು ಅಡಿಯಿಂದಲೇ. ಹಾಗಾಗಿ ಇಂಜಿನ್‌ಗೆ ಮೊದಲು ಹೋಗುವುದು ಅದೇ ನೀರು. ಹಿಂದೆ ಬರೀ ಪೆಟ್ರೋಲ್ ಇದ್ದ ಕಾಲಕ್ಕಿಂತ ಈಗ ಪಂಪಿನವರು ಮಳೆಗಾಲದಲ್ಲಿ ಹೆಚ್ಚು ಜಾಗ್ರತೆ ಮಾಡಬೇಕು.

ಬಾಟಲಿ, ಬಿಲ್ಲು ಎರಡೂ ಹಿಡಿದುಕೊಂಡು ಪಂಪಿಗೆ ಹೋದೆ. "ನಿಮ್ಮ ಟ್ಯಾಂಕಿನಲ್ಲೇ ನೀರು ಇದ್ದಿರಬೇಕು" ಅಂದರು. ನಾನು ಜಗಳ ಮಾಡಲಿಲ್ಲ. ನೆಲದಡಿಯ ಟ್ಯಾಂಕಿಗೆ ಪೇಸ್ಟ್ ಹಚ್ಚಿದ ಕೋಲು ಇಳಿಸಿ ತೋರಿಸಿ ಅಂದೆ. ನೀರು ತಾಗಿದರೆ ಬಣ್ಣ ಬದಲಾಗುವ ಪೇಸ್ಟ್ ಅದು, ಪ್ರತಿ ಪಂಪಿನಲ್ಲೂ ಇರುತ್ತದೆ. ಕೋಲು ಮೇಲೆ ಬಂದಾಗ ತುದಿ ಕೆಂಪಾಗಿತ್ತು. ಆಮೇಲೆ ಯಾರೂ ಮಾತಾಡಲಿಲ್ಲ. ಟ್ಯಾಂಕ್ ಕ್ಲೀನ್ ಮಾಡಿಸಿದ ಖರ್ಚು, ಫಿಲ್ಟರಿನ ಹಣ ಕೊಟ್ಟರು. ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ಟ್ಯಾಂಕಿನ ಬಾಯಿಯ ಮುಚ್ಚಳ ಇರುವ ಜಾಗದಲ್ಲಿ ಮಳೆನೀರು ಕಟ್ಟಿ ನಿಂತಿತ್ತು. ಅದು ನನ್ನ ಕಣ್ಣಿಗೆ ಕಂಡದ್ದು ಆಗ.

ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟೆ. ಒಂದು ವರ್ಷ, ಮೂರು ಬೇರೆ ಬೇರೆ ಕಂಪನಿಗಳ ಪಂಪುಗಳಲ್ಲಿ, ಟ್ಯಾಂಕ್ ಫುಲ್ ಮಾಡಿಸಿ ಮತ್ತೆ ಫುಲ್ ಮಾಡಿಸುವವರೆಗೆ ಎಷ್ಟು ಕಿಲೋಮೀಟರ್, ಎಷ್ಟು ಲೀಟರ್ ಅಂತ ಬರೆದೆ. ಒಂದು ಕಂಪನಿಯದ್ದು ಹೆಚ್ಚು, ಇನ್ನೊಂದರದ್ದು ಕಡಿಮೆ ಅಂತ ಹೇಳುವ ಹಾಗೆ ಏನೂ ಸಿಗಲಿಲ್ಲ. ಲೀಟರಿಗೆ ಅರ್ಧ ಕಿಲೋಮೀಟರ್ ಆಚೆ ಈಚೆ. ಅಷ್ಟು ವ್ಯತ್ಯಾಸ ಎಸಿ ಹಾಕಿದರೂ ಬರುತ್ತದೆ, ಉಪ್ಪಳದ ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಬಿದ್ದರೂ ಬರುತ್ತದೆ. 95 ಆಕ್ಟೇನಿನ ದುಬಾರಿ ಪೆಟ್ರೋಲನ್ನು ನಾಲ್ಕು ಸಲ ಹಾಕಿಸಿ ನೋಡಿದೆ. ಆಕ್ಟೇನ್ ಅಂದರೆ ಇಂಜಿನ್ ಒಳಗೆ ಟಕ್ ಟಕ್ ಅಂತ ಬಡಿದುಕೊಳ್ಳದ (ನಾಕ್ ಆಗದ) ಹಾಗೆ ತಡೆಯುವ ಗುಣ. ನಮ್ಮ ಮಾಮೂಲಿ ಪೆಟ್ರೋಲಿಗೆ ಆಗ 91 ಇದ್ದರೆ ಸಾಕು ಅಂತ ನಿಯಮ ಇತ್ತು, ನನ್ನ ಇಂಜಿನ್‌ಗೂ ಅಷ್ಟು ಸಾಕು. ಹಣ ಹೋಯಿತೇ ಹೊರತು ಓಟದಲ್ಲಿ ಏನೂ ಬದಲಾಗಲಿಲ್ಲ.

ಕಂಪನಿ ಕಂಪನಿಗೆ ಭೇದ ಕಾಣದಿರುವುದಕ್ಕೆ ಕಾರಣ ಇದೆ. ಸುರತ್ಕಲ್ ಹತ್ತಿರದ ಎಂಆರ್‌ಪಿಎಲ್ ರಿಫೈನರಿಯಿಂದ ಇಂಡಿಯನ್ ಆಯಿಲ್, ಎಚ್‌ಪಿ, ಭಾರತ್ ಪೆಟ್ರೋಲಿಯಂ ಎಲ್ಲರೂ ಎಣ್ಣೆ ತಗೊಳ್ಳುತ್ತಾರೆ. ಕಂಪನಿ ಯಾವುದಾದರೂ ಪೆಟ್ರೋಲ್ ಒಂದೇ ಬಿಎಸ್6 ಲೆಕ್ಕಕ್ಕೆ, ಅಂದರೆ ಹೊಗೆ ಕಡಿಮೆ ಮಾಡಲು ಸರ್ಕಾರ ಇಟ್ಟ ಗುಣಮಟ್ಟಕ್ಕೆ, ಸರಿ ಇರಬೇಕು. 2020ರ ಏಪ್ರಿಲ್‌ನಿಂದ ಅದೇ ನಿಯಮ. ಹಾಗಾಗಿ ರಿಫೈನರಿಯಿಂದ ಬರುವಾಗ ದೊಡ್ಡ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಶುರುವಾಗುವುದು ಟ್ಯಾಂಕರ್ ಬಂದು ನೆಲದಡಿಯ ಟ್ಯಾಂಕಿಗೆ ಇಳಿಸಿದ ಮೇಲೆ.

ತಲಪಾಡಿಯ ವಿಷಯವನ್ನೂ ಹೇಳಬೇಕು. ಗಡಿಯ ಆಚೆ ಪೆಟ್ರೋಲ್ ಲೀಟರಿಗೆ ಕೆಲವು ರೂಪಾಯಿ ಕಡಿಮೆ. ಕೇರಳದ ಗಾಡಿಗಳು ಅಲ್ಲಿ ಸಾಲು ನಿಲ್ಲುತ್ತವೆ. "ಅಗ್ಗದ ಪೆಟ್ರೋಲ್, ಕಲಬೆರಕೆ ಇರಬಹುದಾ?" ಅಂತ ಪ್ರಯಾಣಿಕರು ನನ್ನಲ್ಲಿ ಎಷ್ಟೋ ಸಲ ಕೇಳಿದ್ದಾರೆ. ಕಲಬೆರಕೆಯಿಂದ ಅಗ್ಗ ಆದದ್ದಲ್ಲ ಅದು. ಎರಡು ರಾಜ್ಯಗಳ ತೆರಿಗೆ ಬೇರೆ, ಅಷ್ಟೇ. 2023ರ ಏಪ್ರಿಲ್‌ನಿಂದ ಕೇರಳದಲ್ಲಿ ಲೀಟರಿಗೆ 2 ರೂಪಾಯಿ ಸೆಸ್ ಕೂಡ ಸೇರಿತು. ನಾನು ತಲಪಾಡಿ ದಾಟಿದ ಮೇಲೆ ಹಾಕಿಸಿದ್ದಕ್ಕೂ ಊರಿನಲ್ಲಿ ಹಾಕಿಸಿದ್ದಕ್ಕೂ ನೋಟ್‌ಬುಕ್ಕಿನಲ್ಲಿ ಏನೂ ಭೇದ ಇಲ್ಲ.

ಮೈಲೇಜ್ ಮೊದಲಿಗಿಂತ ಕಡಿಮೆ ಆಗಿದೆ, ಹೌದು. ಆದರೆ ಎಲ್ಲ ಪಂಪಿನಲ್ಲೂ ಸಮವಾಗಿ. ಇಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ಅದು ನೂರಕ್ಕೆ ಇಪ್ಪತ್ತು ಪಾಲು ಸೇರಿದ ಮೇಲೆ ಓಟ ಸ್ವಲ್ಪ ಇಳಿಯಲೇಬೇಕು. ಅದಕ್ಕೆ ಪಂಪಿನ ಹುಡುಗರನ್ನು ಬೈದು ಪ್ರಯೋಜನ ಇಲ್ಲ.

ಒಂದು ಸಲ ನಾನೇ ಕೇಳಿ ಡೆನ್ಸಿಟಿ, ಅಂದರೆ ಸಾವಿರ ಲೀಟರಿಗೆ ಎಷ್ಟು ಕಿಲೋ ತೂಕ ಅಂತ, ನೋಡಿಸಿದೆ. ಗಿರಾಕಿ ಕೇಳಿದರೆ ಅವರು ತೋರಿಸಲೇಬೇಕು. ಉದ್ದದ ಗಾಜಿನ ಜಾರಿಗೆ ಪೆಟ್ರೋಲ್ ಹಿಡಿದು ಹೈಡ್ರೋಮೀಟರ್ ತೇಲಿಬಿಟ್ಟರು. ಪಕ್ಕಕ್ಕೆ ಥರ್ಮಾಮೀಟರ್. 29 ಡಿಗ್ರಿಯಲ್ಲಿ 737 ಬಂತು. ನನಗೆ ಗಾಬರಿ, ಮಶಿನಿನ ಮೇಲೆ 748 ಅಂತ ಇತ್ತಲ್ವಾ! ಅವರು ಒಂದು ಪಟ್ಟಿ ತೆಗೆದು ತೋರಿಸಿದರು. ಬಿಸಿಗೆ ಪೆಟ್ರೋಲ್ ಹಿಗ್ಗಿ ಹಗುರ ಆಗುತ್ತದೆ, ಅದಕ್ಕೆ 15 ಡಿಗ್ರಿಯ ಲೆಕ್ಕಕ್ಕೆ ತರಬೇಕು. ಪಟ್ಟಿಯ ಪ್ರಕಾರ 749. ಟ್ಯಾಂಕರ್ ಬಂದಾಗ ಬರೆದಿಟ್ಟದ್ದಕ್ಕೂ ಇದಕ್ಕೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಅನುಮಾನ ಪಡಬೇಕು. ಇದಕ್ಕಿಂತ ಸುಲಭ ಫಿಲ್ಟರ್ ಪೇಪರ್. ನಳಿಗೆಯ ಬಾಯಿ ಒರೆಸಿ ಒಂದು ಹನಿ ಬಿಡಿಸಿ. ಎರಡು ನಿಮಿಷದಲ್ಲಿ ಆರಿ ಕಲೆ ಉಳಿಯದಿದ್ದರೆ ಸೀಮೆಎಣ್ಣೆಯಂಥದ್ದು ಸೇರಿಲ್ಲ. ಅಳತೆಯಲ್ಲಿ ಅನುಮಾನ ಇದ್ದರೆ 5 ಲೀಟರಿನ ಸೀಲ್ ಇರುವ ಪಾತ್ರೆಗೆ ಹಿಡಿಸಬಹುದು. ಕಮ್ಮಿ ಬಿದ್ದರೂ ಅದು 25 ಮಿಲಿಲೀಟರ್ ದಾಟಬಾರದು.

ಆದರೆ ಬಾಡಿಗೆ ಇರುವಾಗ ಇಷ್ಟೆಲ್ಲ ನಿಂತು ಮಾಡಲು ಆಗುವುದಿಲ್ಲ. ಹಾಗಾಗಿ ಮಳೆ ಬರುವಾಗ ಪಂಪಿನ ನೆಲ ನೋಡುತ್ತೇನೆ. ಟ್ಯಾಂಕಿನ ಬಾಯಿಗಳು ನೆಲಕ್ಕಿಂತ ಎತ್ತರಕ್ಕೆ ಕಟ್ಟಿವೆಯಾ, ನೀರು ಬೇರೆ ಕಡೆ ಹರಿದು ಹೋಗುತ್ತಾ, ಮುಚ್ಚಳ ಸರಿ ಕೂತಿದೆಯಾ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವಾಗ ರಸ್ತೆ ಕೆಲವು ಕಡೆ ಎತ್ತರ ಆಗಿ ಪಕ್ಕದ ಜಾಗ ತಗ್ಗಿಗೆ ಬಿತ್ತು. ಅಂಥ ಕಡೆ ಮಳೆಗಾಲದಲ್ಲಿ ನಿಲ್ಲಿಸುವುದಿಲ್ಲ. ವ್ಯಾಪಾರ ಜೋರಾಗಿರುವ ಪಂಪ್ ನೋಡುತ್ತೇನೆ, ಅಲ್ಲಿ ಪೆಟ್ರೋಲ್ ಹೆಚ್ಚು ದಿನ ಕೂತಿರುವುದಿಲ್ಲ. ಟ್ಯಾಂಕರ್ ಇಳಿಸುತ್ತಿದ್ದರೆ ಮುಂದಿನ ಪಂಪಿಗೆ ಹೋಗುತ್ತೇನೆ. ಅಡಿಯ ಕೊಳೆ ಕದಡಿ ಮೇಲೆ ಬರುವ ಹೊತ್ತು ಅದು. ಬೆಳಗ್ಗೆ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಎನ್ನುವ ಮಾತನ್ನು ಮಾತ್ರ ನಾನು ಬಿಟ್ಟಿದ್ದೇನೆ. ಟ್ಯಾಂಕ್ ನೆಲದಡಿಯಲ್ಲಿದೆ, ಅಲ್ಲಿ ಬೆಳಗ್ಗೆಯೂ ಮಧ್ಯಾಹ್ನವೂ ಹೆಚ್ಚು ಕಡಿಮೆ ಒಂದೇ ಬಿಸಿ.

ಮತ್ತೆ ಆಸ್ಪತ್ರೆಯ ಬಾಡಿಗೆ ಇದ್ದರೆ ಹಿಂದಿನ ಸಂಜೆಯೇ ಹಾಕಿಸುತ್ತೇನೆ. ಪಂಪಿನಿಂದ ಮನೆಗೆ ಏಳು ಕಿಲೋಮೀಟರ್ ಇದೆ. ಪೆಟ್ರೋಲಿನಲ್ಲಿ ನೀರಿದ್ದರೆ ಅಷ್ಟರೊಳಗೆ ಗಾಡಿ ಹೇಳುತ್ತದೆ. ಬೆಳಗ್ಗೆ ಅಮ್ಮ ಹತ್ತುವಾಗ ಈಗಲೂ ಕೇಳುತ್ತಾರೆ, "ಪೆಟ್ರೋಲ್ ನಿನ್ನೆಯೇ ಹಾಕಿಸಿದ್ದೀಯಲ್ಲಾ ಮಗಾ?" "ಹಾಕಿಸಿದ್ದೇನೆ ಅಮ್ಮ" ಅಂದ ಮೇಲೆಯೇ ಅವರು ಬಾಗಿಲು ಎಳೆದುಕೊಳ್ಳುವುದು.